ಐದು ಗಂಟೆಯ ಹಡಗು

— ಬಾ, ಒಳಗೆ ಬಾ ಮಾರಾಯ. ಒಂಬತ್ತನೇ ಕ್ಲಾಸಿನಲ್ಲಿ ಕೆರಿಬಿಯನ್ ಸಮುದ್ರ ಎಲ್ಲಿ ಅಂತ ಕೇಳಿದರೆ ಭೂಪಟದಲ್ಲಿ ಮೆಡಿಟರೇನಿಯನ್‌ಗೆ ಕೋಲಿಟ್ಟವ ನೀನು. ಈಗ ಅದರ ವಿಷಯ ನಿನ್ನನ್ನೇ ಕೇಳುವ ಕಾಲ ಬಂತು ನೋಡು.

— ಅವತ್ತು ತಪ್ಪಿದ್ದಕ್ಕೇ ಇರಬೇಕು ಟೀಚರ್, ಏಳು ವರ್ಷದಿಂದ ಹಡಗಿನ ಕೆಲಸದಲ್ಲಿ ಅಲ್ಲೇ ಸುತ್ತುತ್ತಾ ಇದ್ದೇನೆ. ಮಗಳು ಟಿಕೆಟ್ ಮಾಡಿಸಿದ್ದಾಳಂತೆ?

— ಜೂನಿನಲ್ಲಿ. ಮೊಮ್ಮಕ್ಕಳಿಗೆ ಶಾಲೆ ರಜೆ. ಫ್ಲೋರಿಡಾದಿಂದ ಹೊರಟು ಏಳು ದಿನ. ನಾಸೌ, ಕೊಸುಮೆಲ್, ಮತ್ತೆ ಕಂಪೆನಿಯವರದ್ದೇ ಒಂದು ದ್ವೀಪ ಉಂಟಂತೆ. ಹಡಗಿನ ಹೆದರಿಕೆ ನನಗಿಲ್ಲ, ದೋಣಿಯಲ್ಲಿ ನದಿ ದಾಟಿ ಶಾಲೆಗೆ ಹೋದವಳು ನಾನು. ಆದರೆ ಮಗಳು ಫೋನಿನಲ್ಲಿ ಒಂದು ಮಾತು ಹೇಳಿದ್ಳು. ‘ಅಮ್ಮ, ಕರಿಮಣಿ ಸರ ಊರಲ್ಲೇ ಇಟ್ಟು ಬಾ.’ ಅದು ತಲೆಯಲ್ಲಿ ಕೂತುಬಿಟ್ಟಿದೆ.

— ಸರಿಯಾಗಿಯೇ ಹೇಳಿದ್ದಾಳೆ.

— ಸರಿಯೋ ತಪ್ಪೋ ಆಮೇಲೆ ನೋಡುವ. ಇಲ್ಲಿ ಸುರತ್ಕಲ್‌ನಲ್ಲಿ ಹೆಲ್ಮೆಟ್ ಹಾಕಿ ಬೈಕಿನಲ್ಲಿ ಬರುವ ಸರಗಳ್ಳರಿಗೆ ಹೆದರಿ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡೇ ನಾನು ಹಾಲಿಗೆ ಹೋಗುದು. ಅಷ್ಟು ದುಡ್ಡು ಸುರಿದು ಅಷ್ಟು ದೂರ ಹೋಗಿ ಅಲ್ಲಿಯೂ ಸೆರಗು ಸುತ್ತಿಕೊಳ್ಳುದಾದ್ರೆ ಹೋಗುದು ಯಾಕೆ?

— ಅಲ್ಲಿಯ ಕಳ್ಳನ ಲೆಕ್ಕವೇ ಬೇರೆ ಟೀಚರ್. ನೀವು ನಾಳೆಯೂ ಇದೇ ರಸ್ತೆಯಲ್ಲಿ ಇರ್ತೀರಿ ಅಂತ ಇಲ್ಲಿಯ ಸರಗಳ್ಳನಿಗೆ ಗೊತ್ತುಂಟು. ಸಿಕ್ಕಿಬಿದ್ದರೆ ನೀವು ಸ್ಟೇಷನ್ನಿಗೆ ಹೋಗಿ ‘ಇವನೇ’ ಅಂತೀರಿ. ಅಲ್ಲಿಯವನಿಗೆ ಗೊತ್ತಿರುದು ಇಷ್ಟೇ, ಐದು ಗಂಟೆಗೆ ನೀವು ಊರಲ್ಲಿ ಇರುದಿಲ್ಲ.

— ಹಡಗು ಹೊರಡುವ ಹೊತ್ತು ಅವನಿಗೆ ಹೇಗೆ ಗೊತ್ತಾಗ್ತದೆ?

— ಯಾರಿಗೆ ಗೊತ್ತಿರುದಿಲ್ಲ ಕೇಳಿ. ಯಾವ ದಿನ ಯಾವ ಹಡಗು, ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೋಯ್ತು ಅಂತ ಬಂದರಿನವರು ತಿಂಗಳುಗಟ್ಟಲೆ ಮೊದಲೇ ಪಟ್ಟಿ ಹಾಕ್ತಾರೆ. ಟ್ಯಾಕ್ಸಿಯವ, ಜಡೆ ಹೆಣೆಯುವ ಹೆಂಗಸು, ಶಂಖ ಮಾರುವ ಹುಡುಗ, ಎಲ್ಲರ ಹೊಟ್ಟೆಪಾಡೂ ಅದೇ ಪಟ್ಟಿಯ ಮೇಲೆ. ಕಳ್ಳನಿಗೆ ಬೇರೆ ಪಟ್ಟಿ ಬೇಕಾ? ಎಂಟಕ್ಕೆ ಹಡಗು ದಕ್ಕೆಗೆ ಕಟ್ಟಿತು, ಐದಕ್ಕೆ ಹಗ್ಗ ಬಿಚ್ಚಿತು. ನಡುವೆ ಮೂರು ಗಂಟೆಗೆ ನಿಮ್ಮ ಪರ್ಸು ಹೋಯ್ತು ಅಂತಿಟ್ಟುಕೊಳ್ಳಿ. ಸ್ಟೇಷನ್ ಹುಡುಕಿ, ದೂರು ಬರೆಸಿ, ಸಹಿ ಹಾಕಿ ಬರುವಷ್ಟರಲ್ಲಿ ಹಡಗು ಹೋಗಿರ್ತದೆ. ಹಾಗಾಗಿ ಜನ ದೂರನ್ನೇ ಕೊಡದೆ ಹಡಗು ಹತ್ತುತ್ತಾರೆ. ಅಕಸ್ಮಾತ್ ಕೊಟ್ಟರು, ಕಳ್ಳನೂ ಸಿಕ್ಕಿದ ಅಂತಿಟ್ಟುಕೊಳ್ಳುವ. ವರ್ಷ ಕಳೆದು ಕೇಸು ಕೂಗಿದಾಗ ಕೈ ತೋರಿಸಿ ‘ಇವನೇ’ ಅನ್ನಲಿಕ್ಕೆ ಅಮೆರಿಕದ ಯಾವುದೋ ಮೂಲೆಯಿಂದ ವಿಮಾನ ಹತ್ತಿ ಬರುವವರು ಯಾರು?

— ಸಾಕ್ಷಿಯೇ ತೇಲಿ ಹೋಗ್ತದೆ ಅನ್ನು.

— ಅದೇ. ಒಂದು ಸಲ ನಾನು ಗ್ಯಾಂಗ್‌ವೇಯಲ್ಲಿ, ಅಂದರೆ ಹಡಗು ಹತ್ತುವ ಏಣಿಯ ಹತ್ತಿರ ಇದ್ದೆ. ಹಡಗು ಹತ್ತುವಾಗ ಕಾರ್ಡು ಮುಟ್ಟಿಸಬೇಕು. ಬೀಪ್ ಅಂದ ಕೂಡಲೇ ನಮ್ಮ ಪರದೆಯಲ್ಲಿ ಅವರ ಫೋಟೋ ಬರ್ತದೆ, ಹೊರಟ ದಿನ ತೆಗೆದದ್ದು. ಮುಖ ಹೋಲಿಸಿ ಒಳಗೆ ಬಿಡುದು ನಮ್ಮ ಕೆಲಸ. ಐದಕ್ಕೆ ಕಾಲು ಗಂಟೆ ಇರುವಾಗ ಒಬ್ಬರು ಅಜ್ಜಿ ಬಂದರು, ನಿಮ್ಮದೇ ಪ್ರಾಯ. ಕೈ ಕುತ್ತಿಗೆಯ ಮೇಲೆ. ಕಾರ್ಡು ಮುಟ್ಟಿಸಲಿಕ್ಕೆ ಕೈ ತೆಗೆದಾಗ ನೋಡ್ತೇನೆ, ಕತ್ತಿನ ಎಡಗಡೆ ಕೆಂಪು ಗೆರೆ, ತೆಂಗಿನ ನಾರಿನ ಹಗ್ಗ ಉಜ್ಜಿದ ಹಾಗೆ. ಬೀಪ್ ಅಂತು. ಪರದೆಯಲ್ಲಿ ಅದೇ ಅಜ್ಜಿ ನಗ್ತಾ ಇದ್ದಾರೆ, ಕತ್ತಿನಲ್ಲಿ ಸರ ಉಂಟು. ಎದುರು ನಿಂತವರ ಕತ್ತಿನಲ್ಲಿ ಇಲ್ಲ.

— ದೇವರೇ.

— ‘ನಾನು ಪೊಲೀಸರ ಹತ್ತಿರ ಹೋಗಬೇಕಾ?’ ಅಂತ ನನ್ನನ್ನು ಕೇಳಿದರು. ಮೇಲಿನವರನ್ನು ಕರೆಸಿದೆ. ಅವರು ವಾಚು ನೋಡಿದರು. ‘ಹೋಗಬಹುದು ಮೇಡಂ, ಆದರೆ ಏಣಿ ತೆಗೆಯುವ ಹೊತ್ತಾಯ್ತು’ ಅಂದರು. ಅಜ್ಜಿ ಒಂದು ನಿಮಿಷ ದಕ್ಕೆಯ ಕಡೆ ನೋಡಿದರು, ಆಮೇಲೆ ಒಳಗೆ ಹೋದರು. ಆ ಊರಿನ ಪೊಲೀಸರ ಪುಸ್ತಕದಲ್ಲಿ ಅವತ್ತು ಏನೂ ಆಗಿಲ್ಲ.

— ಹಡಗಿನ ಪುಸ್ತಕದಲ್ಲಿ?

— ನಾವು ಬರೆದುಕೊಂಡೆವು. ಆದರೆ ಹೊರಗಿನವರಿಗೆ ಕಾಣುವ ಲೆಕ್ಕಕ್ಕೆ ಅದು ಬರುದಿಲ್ಲ. ಹಡಗಿನ ಒಳಗೆ ಆಗುವ ಅಪರಾಧಕ್ಕೆ ಅಮೆರಿಕದಲ್ಲಿ 2010ರಲ್ಲಿ ಒಂದು ಕಾಯ್ದೆ ಬಂತು. ಹಡಗಿನಲ್ಲಿ ಮಗಳನ್ನು ಕಳಕೊಂಡ ಒಬ್ಬ ತಂದೆ, ಅವರ ಹಾಗೆ ನೊಂದ ಇನ್ನಷ್ಟು ಕುಟುಂಬಗಳು ಬೆನ್ನುಬಿದ್ದು ಮಾಡಿಸಿದ್ದು. ಕ್ಯಾಬಿನ್ ಬಾಗಿಲಿಗೆ ಇಣುಕುಗಣ್ಣು ಬೇಕು, ಡೆಕ್ಕಿನ ಕಟಕಟೆ 42 ಇಂಚು ಎತ್ತರ ಇರಬೇಕು, ಗಂಭೀರ ಅಪರಾಧ ಆದರೆ ಎಫ್‌ಬಿಐಗೆ ತಿಳಿಸಬೇಕು, ಅಂಕಿಸಂಖ್ಯೆ ಜನರ ಮುಂದೆ ಇಡಬೇಕು. ಎಲ್ಲ ಒಳ್ಳೆಯದೇ. ಆದರೆ ಆ ಕಾಯ್ದೆಯ ಕಣ್ಣು ಹಡಗಿನ ಮೇಲೆ. ಏಣಿ ಇಳಿದು ಬೀದಿಗೆ ಬಂದ ಮೇಲೆ ಆಗುದು ಆ ಊರಿನ ಲೆಕ್ಕ. ಆ ಊರಿನವರಿಗೆ ದೂರು ಬಂದಿಲ್ಲ.

— ಹಾಗಾದರೆ ಒಬ್ಬೊಬ್ಬರೇ ತಿರುಗದೆ ಹಡಗಿನವರೇ ಮಾರುವ ಟೂರ್ ತಕೊಂಡು ಗುಂಪಿನಲ್ಲಿ ಹೋದರೆ ಆಯ್ತಲ್ಲ. ಮಗಳೂ ಅದನ್ನೇ ಹೇಳುದು.

— ಅರ್ಧ ಸರಿ. ಗುಂಪಿನಲ್ಲಿ ಹೋದರೆ ಜೇಬುಗಳ್ಳ ಹತ್ತಿರ ಬರುದು ಕಡಿಮೆ. ಆದರೆ ದರೋಡೆಯವನಿಗೆ ಗುಂಪೇ ಬೇಕಾದದ್ದು. ನೀವು ಹೋಗುವ ನಾಸೌನಲ್ಲೇ 2009ರ ನವೆಂಬರಿನಲ್ಲಿ ಎರಡು ಹಡಗಿನ ಪ್ರಯಾಣಿಕರು ಒಂದು ಕಾಡುದಾರಿಗೆ ಹೋಗಿದ್ದರು. ಸೆಗ್ವೇ ಅಂತ ಉಂಟಲ್ಲ, ನಿಂತುಕೊಂಡು ಓಡಿಸುವ ಎರಡು ಚಕ್ರದ ಗಾಡಿ, ಅದರಲ್ಲಿ. ಬಂದೂಕು ಹಿಡಿದವರು ಅಡ್ಡಹಾಕಿ 18 ಜನರನ್ನು ದೋಚಿದರು. ಮರುವರ್ಷ ಸೇಂಟ್ ಕಿಟ್ಸ್‌ನಲ್ಲಿ ಬ್ರಿಮ್‌ಸ್ಟೋನ್ ಹಿಲ್ ಕೋಟೆಯ ದಾರಿಯಲ್ಲಿ 17 ಜನ ಇದ್ದ ಬಸ್ಸು. 2012ರ ಫೆಬ್ರವರಿಯಲ್ಲಿ ಮೆಕ್ಸಿಕೋದ ಪೋರ್ಟೊ ವಲ್ಲಾರ್ಟಾದಲ್ಲಿ ಒಂದೇ ಹಡಗಿನ 22 ಜನ, ಅದೇ ವರ್ಷದ ಕೊನೆಗೆ ಸೇಂಟ್ ಲೂಸಿಯಾದಲ್ಲಿ 55.

— ಐವತ್ತೈದು! ಒಂದು ಮದುವೆ ದಿಬ್ಬಣ.

— ದಿಬ್ಬಣವೇ. ಎಲ್ಲರ ಕೈಯಲ್ಲೂ ಕ್ಯಾಮೆರಾ, ಎಲ್ಲರ ಜೇಬಲ್ಲೂ ಡಾಲರ್. ಊರು ದಾಟಿದ ಕಿರಿದಾರಿ, ಹಿಂದೆ ಮುಂದೆ ಮನೆ ಇಲ್ಲ, ದಿನಾ ಅದೇ ಹೊತ್ತಿಗೆ ಅದೇ ಬಸ್ಸು. ಒಂದು ಸಮಾಧಾನ ಏನೆಂದರೆ, ಇಂಥ ಕಡೆ ಜನ ಸುಮ್ಮನೆ ಇದ್ದದ್ದನ್ನು ಕೊಟ್ಟುಬಿಡ್ತಾರೆ, ಜೀವ ಉಳೀತದೆ. ಅಮೆರಿಕ ಸರಕಾರ 2024ರ ಜನವರಿಯಲ್ಲಿ ನಾಸೌ ಬಗ್ಗೆ ಎಚ್ಚರಿಕೆ ಹೊರಡಿಸಿದಾಗಲೂ ಅದನ್ನೇ ಹೇಳಿತ್ತು, ದೋಚಲಿಕ್ಕೆ ಬಂದರೆ ಮೈಮೇಲೆ ಬೀಳಬೇಡಿ ಅಂತ. ಆ ವರ್ಷ ಹುಟ್ಟಿ ತಿಂಗಳು ತುಂಬುವ ಮೊದಲೇ ಅಲ್ಲಿ 18 ಕೊಲೆ ಆಗಿತ್ತು.

— ನೀನು ಧೈರ್ಯ ಹೇಳಲಿಕ್ಕೆ ಬಂದದ್ದಾ, ಟಿಕೆಟ್ ರದ್ದು ಮಾಡಿಸಲಿಕ್ಕಾ?

— ರದ್ದು ಮಾಡಬೇಡಿ. ಸತ್ತವರು ಯಾರು ಅಂತ ಕೇಳಿ. ಹೆಚ್ಚಾಗಿ ಗ್ಯಾಂಗಿನವರು ಗ್ಯಾಂಗಿನವರನ್ನು ಕೊಂದದ್ದು, ಸೇಡಿಗೆ ಸೇಡು. ಹೆಚ್ಚಿನದು ಬಂದರಿನಿಂದ ಬೇ ಸ್ಟ್ರೀಟ್ ದಾಟಿ ಗುಡ್ಡದ ಆಚೆ. ಅಲ್ಲಿಯವರೇ ಅದನ್ನು ‘ಓವರ್ ದ ಹಿಲ್’ ಅನ್ನುದು. ಆ ಕಡೆ ಹೋಗಬೇಡಿ ಅಂತ ನಮಗೆ ಹಡಗಿನಲ್ಲಿಯೂ ಹೇಳ್ತಿದ್ದರು.

— ಗುಡ್ಡದ ಆಚೆ ಯಾರಿರುದು?

— ಹಿಂದೆ ಗುಲಾಮಗಿರಿಯಿಂದ ಬಿಡುಗಡೆಯಾದವರು ಕಟ್ಟಿದ ಕೇರಿಗಳು, ಗ್ರಾಂಟ್ಸ್ ಟೌನ್, ಬೇನ್ ಟೌನ್. ಈಗಲೂ ಅವರ ಮೊಮ್ಮಕ್ಕಳು ಮರಿಮಕ್ಕಳೇ. ನಿಮ್ಮ ಟೂರಿನಲ್ಲಿ ಕ್ವೀನ್ಸ್ ಸ್ಟೇರ್‌ಕೇಸ್ ಅಂತ ಒಂದು ಉಂಟು, ಸುಣ್ಣದಕಲ್ಲಿನ ಬಂಡೆ ಕಡಿದು ಮಾಡಿದ ಮೆಟ್ಟಿಲು. ಅದನ್ನು ಕಡಿದದ್ದೂ ಗುಲಾಮರೇ.

— ಅವರ ಅಜ್ಜಂದಿರು ಕಡಿದ ಮೆಟ್ಟಿಲಲ್ಲಿ ನಾವು ಫೋಟೋ ತೆಗೆಸಿಕೊಳ್ಳುದು, ಅವರ ಕೇರಿಗೆ ಮಾತ್ರ ಕಾಲಿಡಬಾರದು. ಕೊಲೆ ಆಗುದು ಅವರ ಮಕ್ಕಳದ್ದು, ಎಚ್ಚರಿಕೆ ಬರುದು ನನಗೆ. ಇದೆಂತ ನ್ಯಾಯ ಅಂತ ಕೇಳಿದರೆ ನೀನು ಗಂಟೆ ತೋರಿಸ್ತೀಯ.

— ನ್ಯಾಯ ಅಂತ ನಾನು ಹೇಳಲಿಲ್ಲ ಟೀಚರ್. ಒಂಬತ್ತು ಗಂಟೆಯಲ್ಲಿ ಯಾವ ಊರೂ ಅರ್ಥ ಆಗುದಿಲ್ಲ, ಅಷ್ಟೇ. ನಿಮ್ಮ ಮೊಮ್ಮಗಳಿಗೆ ಎಷ್ಟು ವರ್ಷ?

— ಹದಿನೇಳು. ಯಾಕೆ?

— ನಾಸೌ ಕಡಲತೀರದಲ್ಲಿ ಜೆಟ್‌ಸ್ಕೀ ಬಾಡಿಗೆಗೆ ಕೊಡುವ ಹುಡುಗರು ಬರ್ತಾರೆ, ನೀರಿನ ಮೇಲೆ ಓಡುವ ಬೈಕು. ‘ಹಿಂದೆ ಕೂತುಕೋ, ಒಂದು ಸುತ್ತು ಹಾಕಿಸ್ತೇನೆ’ ಅಂತಾರೆ. ಹಾಗೆ ದೂರ ಕರಕೊಂಡು ಹೋಗಿ ಹುಡುಗಿಯರ ಮೇಲೆ ಅತ್ಯಾಚಾರ ಮಾಡಿದ ಪ್ರಕರಣಗಳು ಉಂಟು. ಅಮೆರಿಕದ ಸಲಹೆಯಲ್ಲಿ ಜೆಟ್‌ಸ್ಕೀಯವರ ಹೆಸರೆತ್ತಿಯೇ ಬರೆದಿದ್ದಾರೆ. ಎಲ್ಲರೂ ಹಾಗಲ್ಲ. ಆದರೆ ಇದೊಂದನ್ನು ಅವಳಿಗೆ ನೀವೇ ಹೇಳಿ. ಅಮ್ಮ ಹೇಳಿದರೆ ಈ ಪ್ರಾಯದವರು ಕೇಳುದಿಲ್ಲ.

— ಹೇಳ್ತೇನೆ. ಈಗ ಇದು ಹೇಳು. ಹಡಗಿನವರ ಟೂರಿನಲ್ಲಿಯೇ ಹೋಗಿ ಏನಾದರೂ ಆದರೆ ಅವರು ಜವಾಬ್ದಾರಿ ಅಲ್ವಾ? ದುಡ್ಡು ತಕೊಂಡದ್ದು ಅವರೇ ತಾನೇ?

— ಟಿಕೆಟಿನ ಹಿಂದಿನ ಅಕ್ಷರ ಓದಿದ್ದೀರಾ? ಬಸ್ಸು ಬೇರೆಯವರದ್ದು, ಗೈಡು ಬೇರೆಯವರು, ನಾವು ಮಧ್ಯೆ ಚೀಟಿ ಹರಿದವರು ಮಾತ್ರ ಅಂತ ಬರೆದಿರ್ತಾರೆ. ಕೇಸು ಹಾಕುದಾದರೆ ವರ್ಷದೊಳಗೆ ಹಾಕಬೇಕು, ಹೆಚ್ಚಿನ ಕಂಪೆನಿಯವರಿಗೆ ಮಯಾಮಿಯ ಕೋರ್ಟಿನಲ್ಲೇ ಹಾಕಬೇಕು. ವಾಷಿಂಗ್ಟನ್ ರಾಜ್ಯದ ಒಬ್ಬ ಹೆಂಗಸು ಹಡಗಿನಲ್ಲಿ ಜಾರಿ ಬಿದ್ದು, ನಾನು ನನ್ನ ಊರಲ್ಲೇ ಕೇಸು ಹಾಕ್ತೇನೆ ಅಂತ ಸುಪ್ರೀಂ ಕೋರ್ಟಿನವರೆಗೆ ಹೋದಳು. 1991ರಲ್ಲಿ ತೀರ್ಪು ಬಂತು. ಟಿಕೆಟಿನಲ್ಲಿ ಫ್ಲೋರಿಡಾ ಅಂತ ಬರೆದಿದೆ, ಫ್ಲೋರಿಡಾಕ್ಕೇ ಬಾ ಅಂತ.

— ಟೂರಿಗೆ ಹೆಚ್ಚು ದುಡ್ಡು ಕೊಟ್ಟು ಸಿಗುದೆಂತ ಮತ್ತೆ?

— ಗಂಟೆ. ಅವರ ಬಸ್ಸು ತಡವಾದರೆ ಹಡಗು ಕಾಯ್ತದೆ. ನೀವೇ ಟ್ಯಾಕ್ಸಿ ಮಾಡಿ ಹೋಗಿ ತಡ ಮಾಡಿದರೆ ಕಾಯುದಿಲ್ಲ. ಹಾಗೆ ತಪ್ಪಿಸಿಕೊಂಡವರದ್ದು ನೋಡಬೇಕು. ಹೊರಡುವ ಹೊತ್ತಿಗೆ ಯಾರ ಕಾರ್ಡು ಬೀಪ್ ಆಗಲಿಲ್ಲ ಅಂತ ಪಟ್ಟಿ ತೆಗೀತೇವೆ. ಮೈಕಿನಲ್ಲಿ ಹೆಸರು ಕೂಗ್ತೇವೆ. ಉತ್ತರ ಇಲ್ಲ. ಆಗ ಇಬ್ಬರು ಅವರ ಕ್ಯಾಬಿನ್ನಿಗೆ ಹೋಗಿ ತಿಜೋರಿ ತೆರೆದು ಪಾಸ್‌ಪೋರ್ಟ್ ಹುಡುಕಿ, ಕೆಳಗೆ ದಕ್ಕೆಯಲ್ಲಿ ನಿಂತ ಪೋರ್ಟ್ ಏಜೆಂಟನ ಕೈಗೆ ಕೊಟ್ಟು ಬರ್ತೇವೆ. ಅಷ್ಟು ಹೊತ್ತಿಗೆ ಬಾಲ್ಕನಿಯಲ್ಲೆಲ್ಲ ಜನ ಮೊಬೈಲು ಹಿಡಿದು ನಿಂತಿರ್ತಾರೆ, ಯಾರಾದರೂ ಓಡಿಕೊಂಡು ಬಂದರೆ ವಿಡಿಯೋ ಮಾಡಲಿಕ್ಕೆ. ಚಪ್ಪಾಳೆ ತಟ್ಟುತ್ತಾರೆ, ಕೂಗ್ತಾರೆ. ಓಡಿ ಬಂದವ ದರೋಡೆಯಾಗಿ ತಡವಾದವನೋ ಕುಡಿದು ತಡವಾದವನೋ ಮೇಲಿನವರಿಗೆ ಹೇಗೆ ಗೊತ್ತಾಗಬೇಕು?

— ಥೂ. ಈ ಕಂಪೆನಿಯವರು ಯಾವ ಕೋರ್ಟಿಗೂ ಸಿಗುದೇ ಇಲ್ವಾ?

— ಒಂದು ವಿಷಯದಲ್ಲಿ ಸಿಕ್ಕಿಬಿದ್ದಿದ್ದಾರೆ. 2010ರ ಜುಲೈ, ಸೇಂಟ್ ಥಾಮಸ್ ದ್ವೀಪ. ಕೋಕಿ ಬೀಚ್ ಚಂದ ಉಂಟು, ಹೋಗಿ ಬನ್ನಿ ಅಂತ ಹಡಗಿನ ನೌಕರನೊಬ್ಬ ಒಂದು ಕುಟುಂಬಕ್ಕೆ ಹೇಳಿದ. ಅಪ್ಪ, ಅಮ್ಮ, ಒಬ್ಬ ಮಗ, ಹದಿಹರೆಯದ ಮಗಳು. ಹಡಗಿನವರ ಟೂರ್ ಅಲ್ಲ, ಅವರೇ ಹೋದದ್ದು. ವಾಪಸ್ ಬರುವಾಗ ನಾಲ್ಕೂ ಕಡೆ ತೆರೆದ ಬಸ್ಸು. ದಾರಿಯಲ್ಲಿ ಗ್ಯಾಂಗಿನ ಒಬ್ಬನ ಶವಸಂಸ್ಕಾರ, ಅವನೂ ಅದೇ ಬೀಚಿನ ಹತ್ತಿರ ಗುಂಡಿಗೆ ಸತ್ತವ. ಟ್ರಾಫಿಕ್ ಜಾಮ್ ಆಗಿ ಬಸ್ಸು ನಿಂತಿತು. ಅಲ್ಲಿ ಸೇಡಿನ ಗುಂಡು ಹಾರಿತು.

— ಹುಡುಗಿಗೆ?

— ಹುಡುಗಿಗೇ ತಾಗಿದ್ದು, ಅಪ್ಪ ಅಮ್ಮನ ಎದುರಿಗೆ. ಅವರು ಕಂಪೆನಿಯ ಮೇಲೆ ಹಾಕಿದ ಕೇಸನ್ನು ಕೆಳಗಿನ ಕೋರ್ಟು ತೆಗೆದುಹಾಕಿತು. 2012ರಲ್ಲಿ ಮೇಲ್ಮನವಿ ಕೋರ್ಟು, ಹಾಗಲ್ಲ, ಪ್ರಯಾಣಿಕ ಹೋಗಬಹುದು ಅಂತ ನಿರೀಕ್ಷೆ ಇರುವ ಜಾಗದಲ್ಲಿ ಅಪಾಯ ಉಂಟು ಅಂತ ಕಂಪೆನಿಗೆ ಗೊತ್ತಿದ್ದರೆ, ಗೊತ್ತಿರಬೇಕಾದ್ದಾದರೆ, ಎಚ್ಚರಿಸುದು ಅದರ ಕರ್ತವ್ಯ ಅಂತು. ಇದು ಹೊಸತೂ ಅಲ್ಲ. 1985ರಲ್ಲೇ ಫ್ಲೋರಿಡಾದ ಒಂದು ಕೋರ್ಟು ಅದನ್ನೇ ಹೇಳಿತ್ತು. ಅದೂ ನಾಸೌ, ಬಾಡಿಗೆ ಜೀಪಿನಲ್ಲಿ ನಿರ್ಜನ ಬೀಚಿಗೆ ಹೋದವರ ಮೇಲೆ ಮುಸುಕು ಹಾಕಿದವರು ಗುಂಡು ಹಾರಿಸಿದ್ದು.

— ಆ ನೌಕರ ಏನಾದ?

— ಗೊತ್ತಿಲ್ಲ ಟೀಚರ್. ಅವನ ವಿಷಯ ಯಾರೂ ಕೇಳುದಿಲ್ಲ, ನಾನು ಮಾತ್ರ ಕೇಳಿಕೊಳ್ತೇನೆ. ಒಳ್ಳೆ ಬೀಚು ಯಾವುದು ಅಂತ ದಿನಕ್ಕೆ ನೂರು ಜನ ನನ್ನನ್ನು ಕೇಳ್ತಾರೆ. ನಮ್ಮ ಹಡಗಿನಲ್ಲಿ ಹೇಳಿಕೊಟ್ಟ ಉತ್ತರ ಒಂದೇ, ಟೂರ್ ಡೆಸ್ಕಿನಲ್ಲಿ ವಿಚಾರಿಸಿ. ನಗುನಗುತ್ತಾ ಅದನ್ನೇ ಹೇಳುದು. ಒಂದೊಂದು ಸಲ ಮುದುಕರು ಮಕ್ಕಳು ಕೇಳಿದಾಗ ಬಾಯಿ ತಪ್ಪಿ ಹೆಸರು ಹೇಳಿದ್ದೂ ಉಂಟು. ಹೇಳಿದ ದಿನ ಅವರ ಕಾರ್ಡು ಬೀಪ್ ಆಗುವವರೆಗೆ ನನಗೆ ಊಟ ಸೇರುದಿಲ್ಲ.

— ಹಲಸಿನಹಣ್ಣಿನ ಗಟ್ಟಿ ಮಾಡಿದ್ದೇನೆ, ತಿನ್ನು. ತಟ್ಟೆ ಹಾಗೇ ಉಂಟು ನೋಡು. ಒಂದು ಕೇಳ್ತೇನೆ, ಅಷ್ಟು ಅಪಾಯ ಅಂತಾದರೆ ಕಂಪೆನಿಯವರು ಆ ಬಂದರಿಗೆ ಹೋಗುದೇ ಬಿಟ್ಟರಾಯ್ತಲ್ಲ?

— ಬಿಡ್ತಾರೆ. ಅದು ಇನ್ನೊಂದು ಕಥೆ. ಮೆಕ್ಸಿಕೋದ ಮಜಟ್ಲಾನ್ 2011ರಲ್ಲಿ ಹಾಗೆ ಬಿಟ್ಟ ಊರು. ದೊಡ್ಡ ಕಂಪೆನಿಗಳು ಒಂದರ ಹಿಂದೆ ಒಂದು ಕೈಬಿಟ್ಟವು. ಮತ್ತೆ ಬಂದದ್ದು 2013ರಲ್ಲಿ. ನಡುವಿನ ಎರಡು ವರ್ಷ ಟ್ಯಾಕ್ಸಿಯವನ ಮನೆಯಲ್ಲಿ ಒಲೆ ಹೇಗೆ ಉರಿಯಿತು ಅಂತ ಯಾರ ಪಟ್ಟಿಯಲ್ಲಿ ಉಂಟು? ಅಲ್ಲಿ ಬಂದರಿನಿಂದ ಹಳೇ ಪೇಟೆಗೆ ರಸ್ತೆಯಲ್ಲಿ ನೀಲಿ ಗೆರೆ ಎಳೆದಿದ್ದಾರೆ. ಅದರ ಮೇಲೇ ನಡೆದು ಹೋಗಿ, ಅದರ ಮೇಲೇ ನಡೆದು ಬನ್ನಿ. ತಪ್ಪಿದರೆ ಕೇಳಲಿಕ್ಕೆ ನೀಲಿ ಅಂಗಿಯ ಸ್ವಯಂಸೇವಕರು.

— ಲಕ್ಷ್ಮಣರೇಖೆ.

— ಹೌದು, ಇಲ್ಲಿ ರೇಖೆ ಎಳೆದವನೇ ಹೊಟ್ಟೆಗಾಗಿ ಕಾಯ್ತಾನೆ. ಉತ್ತರ ಆಫ್ರಿಕಾದ ಟ್ಯುನಿಸ್ ಅಂತೂ ಅದಕ್ಕಿಂತ ಕಷ್ಟ. 2015ರ ಮಾರ್ಚ್ 18ಕ್ಕೆ ಬಾರ್ಡೊ ಮ್ಯೂಸಿಯಂನಲ್ಲಿ ಉಗ್ರರು ಗುಂಡು ಹಾರಿಸಿದರಲ್ಲ, ಸತ್ತವರಲ್ಲಿ ಹೆಚ್ಚಿನವರು ಆ ಬೆಳಿಗ್ಗೆ ಎರಡು ಹಡಗಿನಿಂದ ಇಳಿದು ಹೋದವರು. ಸ್ಪೇನಿನ ಗಂಡ ಹೆಂಡತಿ, ಹೆಂಡತಿ ಬಸುರಿ, ಮ್ಯೂಸಿಯಂನಲ್ಲೇ ಅಡಗಿ ರಾತ್ರಿ ಕಳೆದರು. ಬೆಳಗಾದ ಮೇಲೆಯೇ ಸಿಕ್ಕಿದ್ದು. ಅದರ ನಂತರ ಕಂಪೆನಿಗಳು ಆ ಬಂದರನ್ನು ವರ್ಷಗಟ್ಟಲೆ ಮುಟ್ಟಲಿಲ್ಲ.

— ಅದಕ್ಕೇ ಈಗ ಸ್ವಂತ ದ್ವೀಪ ಮಾಡಿಕೊಂಡದ್ದು ಅನ್ನು.

— ಅದಕ್ಕೂ, ದುಡ್ಡಿಗೂ. ಅಲ್ಲಿ ಹೊರಗಿನ ಟ್ಯಾಕ್ಸಿ ಇಲ್ಲ, ಹೊರಗಿನ ಅಂಗಡಿ ಇಲ್ಲ, ಕಳ್ಳನೂ ಇಲ್ಲ. ನಿಮ್ಮ ಕಾರ್ಡೇ ದುಡ್ಡು. ಹೈಟಿಯ ಉತ್ತರ ತೀರದಲ್ಲಿ ಲಬಾಡಿ ಅಂತ ಜಾಗ, ದೊಡ್ಡ ಕಂಪೆನಿಯೊಂದು ಗುತ್ತಿಗೆಗೆ ತಕೊಂಡು ಬೇಲಿ ಹಾಕಿಕೊಂಡಿದೆ. ಬೇಲಿಯ ಒಳಗೆ ಬರ್ಗರ್, ಆಚೆ ಹೈಟಿ. ರಾಜಧಾನಿಯಲ್ಲಿ ಗ್ಯಾಂಗುಗಳ ಗಲಾಟೆ ಜೋರಾದಾಗ, 2024ರಲ್ಲಿ, ಅಲ್ಲಿಗೂ ಹಡಗು ನಿಲ್ಲಿಸಿದರು. ಮತ್ತೆ ಶುರು ಮಾಡಿದರು, 2025ರಲ್ಲಿ ಮತ್ತೆ ನಿಲ್ಲಿಸಿದರು. ಬೇಲಿಯೊಳಗೆ ಮಣಿಸರ ಮಾರಲಿಕ್ಕೆ ಬಿಟ್ಟಿದ್ದ ಆ ಊರಿನ ಹೆಂಗಸರು ಒಂದಷ್ಟು ಜನ ಇದ್ದರು. ಅವರದ್ದು ಕೈ ಖಾಲಿ.

— ನಮ್ಮ ಪಣಂಬೂರಿಗೂ ಬರ್ತದಲ್ಲ ಹಡಗು, ಚಳಿಗಾಲದಿಂದ ಬೇಸಿಗೆಯವರೆಗೆ. ಒಂದು ಸಲ ಮೂಡಬಿದಿರೆಗೆ ಹೋಗಿದ್ದೆ, ಸಾವಿರ ಕಂಬದ ಬಸದಿಗೆ. ಅದೇ ಹೊತ್ತಿಗೆ ಹಡಗಿನವರ ಬಸ್ಸು ಬಂತು, ಬಿಳಿ ಟೊಪ್ಪಿ, ಎದೆಗೆ ನಂಬರಿನ ಚೀಟಿ. ಚರುಮುರಿಯವನನ್ನು ಯಾರೋ ಬಂದು ಆಚೆ ಓಡಿಸಿದರು. ಕಡಲೆ ಮಾರುವ ಹುಡುಗನನ್ನೂ. ಆ ಹುಡುಗ ಗೋಡೆಯ ಆಚೆಯಿಂದ ಇಣುಕುತ್ತಾ ನಿಂತಿದ್ದ. ಒಬ್ಬಳು ಬಿಳಿಯ ಹೆಂಗಸು ಅವನನ್ನು ನೋಡಿ ಕೈಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಹಾಕಿಕೊಂಡಳು. ನನಗೆ ಸಿಟ್ಟು ಬಂದಿತ್ತು. ಈಗ ನಾನೂ ಜೂನಿನಲ್ಲಿ ನಾಸೌನಲ್ಲಿ ಅದನ್ನೇ ಮಾಡುದಾ?

— ಮಾಡ್ತೀರಿ ಟೀಚರ್.

— ಏನು ಅಷ್ಟು ಖಂಡಿತ?

— ನಾನೂ ಮಾಡ್ತೇನೆ. ಏಳು ವರ್ಷದಿಂದ ಅದೇ ಊರು, ಮುಖಗಳೆಲ್ಲ ಗುರುತು, ಆದರೂ ಬೀದಿಯಲ್ಲಿ ಯಾರಾದರೂ ಹತ್ತಿರ ಬಂದರೆ ಕೈ ತನ್ನಷ್ಟಕ್ಕೇ ಜೇಬಿಗೆ ಹೋಗ್ತದೆ. ಅವರಿಗೂ ಗೊತ್ತಾಗ್ತದೆ.

— ಸರಿ, ಸರ ಇಟ್ಟು ಹೋಗ್ತೇನೆ. ನಮ್ಮವರಿಗೆ ಹೇಳಿದರೆ, ಇಷ್ಟು ವರ್ಷ ಅದಕ್ಕೆ ಎಲ್ಲಿ ಕಿಮ್ಮತ್ತಿತ್ತು ಅಂತ ನಗ್ತಾರೆ. ಅರಿಶಿನ ದಾರಕ್ಕೆ ಎರಡು ಕರಿಮಣಿ ಪೋಣಿಸಿಕೊಂಡರಾಯ್ತು. ಬೇರೆ?

— ಪಾಸ್‌ಪೋರ್ಟ್ ಕ್ಯಾಬಿನ್ನಿನ ತಿಜೋರಿಯಲ್ಲಿ, ಅದರ ನಕಲು ನಿಮ್ಮ ಹತ್ತಿರ. ಬಂದರಿನ ಏಜೆಂಟನ ಫೋನ್ ನಂಬರ್ ಹಡಗಿನ ದಿನಪತ್ರಿಕೆಯಲ್ಲಿ ಇರ್ತದೆ, ಹರಿದು ಇಟ್ಟುಕೊಳ್ಳಿ. ದುಡ್ಡು ಎರಡು ಕಡೆ, ಕೇಳಿದರೆ ಕೊಡಲಿಕ್ಕೆ ಒಂದು, ಉಳಿಯಲಿಕ್ಕೆ ಒಂದು. ಮತ್ತೆ ಗಂಟೆ. ಮೊಬೈಲಿನ ಗಂಟೆ ನಂಬಬೇಡಿ.

— ಅದೆಂತಕ್ಕೆ?

— ಜೂನಿನಲ್ಲಿ ಫ್ಲೋರಿಡಾಕ್ಕಿಂತ ಕೊಸುಮೆಲ್ ಒಂದು ಗಂಟೆ ಹಿಂದೆ. ದಡಕ್ಕೆ ಇಳಿದ ಕೂಡಲೇ ಮೊಬೈಲು ಆ ಊರಿನ ಗಂಟೆ ಹಿಡಿದುಬಿಡ್ತದೆ. ಹಡಗು ಫ್ಲೋರಿಡಾ ಗಂಟೆಯನ್ನೇ ಇಟ್ಟುಕೊಂಡಿದ್ದರೆ, ನಿಮ್ಮ ಕೈಯಲ್ಲಿ ನಾಲ್ಕು, ಹಡಗಿನಲ್ಲಿ ಐದು. ಅರ್ಧ ಗಂಟೆ ಮೊದಲೇ ಹತ್ತಬೇಕು ಅಂತ ಬೇರೆ ಹೇಳಿರ್ತಾರೆ. ಹಡಗಿನ ಹೊತ್ತು ಇಟ್ಟುಕೊಂಡು ಕೈಗೆ ಒಂದು ವಾಚು ಕಟ್ಟಿಕೊಳ್ಳಿ.

— ನಮ್ಮವರ ಕೀ ಕೊಡುವ ವಾಚು ಉಂಟು, ಕಪಾಟಿನಲ್ಲಿ ಬಿದ್ದಿದೆ. ಕಳ್ಳನೂ ಮುಟ್ಟಲಿಕ್ಕಿಲ್ಲ ಅದನ್ನು. ಇರು, ತರ್ತೇನೆ... ನೋಡು, ಕೀ ಕೊಟ್ಟ ಕೂಡಲೇ ಓಡ್ತದೆ. ಒಂದೇ ತೊಂದರೆ, ದಿನಕ್ಕೆ ನಾಲ್ಕು ನಿಮಿಷ ತಪ್ಪು ತೋರಿಸ್ತದೆ.

— ಹಿಂದೆಯೋ ಮುಂದೆಯೋ?

— ಮುಂದೆ.

— ಹಾಗಾದರೆ ರಿಪೇರಿ ಮಾಡಿಸಬೇಡಿ ಟೀಚರ್.